ಹತ್ತು ನಿಮಿಷದ ಕಾವಲು

ನಮ್ಮ ಆಸ್ಪತ್ರೆಯ ನಾಲ್ಕು ಮಹಡಿಗಳಲ್ಲಿ ಯಾವ ಕೇಬಲ್ ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆ, ಯಾವ ಗೋಡೆಯ ಹಿಂದೆ ವೈಫೈ ಸೊರಗುತ್ತದೆ ಎಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲವರು ಒಬ್ಬರೇ. ಮೂವತ್ತೆರಡು ವರ್ಷಗಳ ಸೇವೆ ಮುಗಿಸಿ ಈಗ ನಿವೃತ್ತರಾಗುತ್ತಿರುವ ನೆಟ್‌ವರ್ಕ್ ವಿಭಾಗದ ಮುಖ್ಯಸ್ಥರು ಅವರು. ಮುಕ್ತ ತಂತ್ರಾಂಶವೆಂದರೆ ಮೂಗು ಮುರಿಯುತ್ತಿದ್ದ ಕಾಲದಲ್ಲೇ ಇಲ್ಲಿನ ಕಂಪ್ಯೂಟರುಗಳಿಗೆಲ್ಲ ಲಿನಕ್ಸ್ ಹಾಕಿ, ಕೇಬಲ್ ಕಡಿದರೆ ವೈಫೈ, ವೈಫೈ ಹೋದರೆ ಕೇಬಲ್ ತಾನಾಗಿ ಕೈಹಿಡಿಯುವಂತೆ ಅಣಿಗೊಳಿಸಿದ ಕೀರ್ತಿ ಅವರದು. ಯಾವುದೇ ಸಂಪರ್ಕವನ್ನು ಬದಲಿಸಿದ ಮೇಲೆ ಅದು ಕಡಿಯದೆ ನಿಂತಿತೇ ಎಂದು ಹತ್ತು ನಿಮಿಷ ಅದರ ಮುಂದೆ ಕೈಕಟ್ಟಿ ಕೂರುವುದು ಅವರ ಪದ್ಧತಿ. ಟೀ ಬಂದರೂ ಏಳರು, ನಿರ್ದೇಶಕರು ಕರೆದರೂ ಏಳರು. ಹೀಗಾಗಿ ಕಸ ಗುಡಿಸುವವರಿಂದ ಹಿಡಿದು ಶಸ್ತ್ರವೈದ್ಯರವರೆಗೆ ಎಲ್ಲರಿಗೂ ಅವರು 'ಹತ್ತು ನಿಮಿಷ ಸಾರ್' ಆದರು.

ಅವರ ಬೀಳ್ಕೊಡುಗೆಗೆಂದು ತರುತ್ತಿರುವ ಈ ಪುಸ್ತಕಕ್ಕೆ ಈ ಲೇಖನವನ್ನು ಬರೆಯಬೇಕಾಗಿದ್ದವರು ಅವರ ಸ್ಥಾನಕ್ಕೆ ಬರುತ್ತಿರುವ ಶಿಷ್ಯೆ. ನಾಲ್ಕು ಸಲ ಬರೆದು, ನಾಲ್ಕು ಸಲವೂ ಹರಿದುಹಾಕಿ, "ಹೊಗಳಬೇಕೋ ಜಗಳ ಆಡಬೇಕೋ ನನಗೇ ಗೊತ್ತಾಗ್ತಿಲ್ಲ, ನೀವೇ ಬರೀರಿ" ಎಂದು ನಮ್ಮ ಸಂಪಾದಕ ಸಮಿತಿಯ ಮೇಜಿನ ಮೇಲೆ ಪೆನ್ನು ಇಟ್ಟು ಹೋದರು. ಆದ್ದರಿಂದ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಇಲ್ಲಿ ಕೊಡಲಾಗಿದೆ.

ಹನ್ನೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ, ಶಿಷ್ಯೆ ತಮ್ಮ ಕೋಣೆಯಲ್ಲೇ ಕೂತು ರಕ್ತ ಪರೀಕ್ಷೆಯ ಲ್ಯಾಬಿನ ಕಂಪ್ಯೂಟರಿನೊಳಕ್ಕೆ ವೈಫೈ ಮೂಲಕ ಹೋಗಿ, ಅದನ್ನು ಕೇಬಲಿಗೆ ಬದಲಿಸಲೆಂದು ಅದೇ ವೈಫೈಯನ್ನು ಆರಿಸಿಬಿಟ್ಟರು. ಕೇಬಲನ್ನು ಅತ್ತ ಯಾರೂ ಚುಚ್ಚಿರಲಿಲ್ಲ. ಪರದೆ ಕಲ್ಲಾಯಿತು. ಏದುಸಿರು ಬಿಡುತ್ತಾ ಮೂರು ಮಹಡಿ ಇಳಿದು ಹೋಗುವಷ್ಟರಲ್ಲಿ ಸಾರ್ ಅಲ್ಲಿ ಮೇಜಿನ ಕೆಳಗೆ ಮಂಡಿಯೂರಿ ಕೇಬಲ್ ಚುಚ್ಚುತ್ತಿದ್ದರು. ಸಿಡಿಮಿಡಿಗೊಂಡಿದ್ದ ಲ್ಯಾಬಿನ ವೈದ್ಯರಿಗೆ, "ನಾನೇ ತೆಗೆದಿದ್ದೆ ಡಾಕ್ಟ್ರೇ, ಮರೆತುಬಿಟ್ಟೆ" ಎಂದರು. ಆ ದಿನ ಶಿಷ್ಯೆ ಬಚ್ಚಲಿಗೆ ಹೋಗಿ ಅತ್ತದ್ದು ಸಾರ್‌ಗೆ ಇಂದಿಗೂ ತಿಳಿಯದು. ಈ ಪುಸ್ತಕ ಓದಿದರೆ ತಿಳಿಯುತ್ತದೆ.

ಅಂದಿನಿಂದ ಶಿಷ್ಯೆಯ ಕೆಲಸದಲ್ಲಿ ಒಂದು ತಪ್ಪೂ ಆಗಲಿಲ್ಲ. ಅದು ಅವರ ಹೆಮ್ಮೆ. ಸಾರ್ ರಜೆ ಹಾಕುವುದೇ ಅಪರೂಪ. ಹಾಕಿದರೆ ಮಾತ್ರ, "ನೋಡಮ್ಮಾ, ನಾನು ಬರೋವರೆಗೆ ಯಾವ ಸಂಪರ್ಕಾನೂ ಮುಟ್ಟಬೇಡ" ಎಂದು ಹೇಳಿ ಹೋಗುತ್ತಿದ್ದರು. ವಯಸ್ಸಾದವರ ಗೀಳು ಎಂದುಕೊಂಡು ಶಿಷ್ಯೆ ಹೂಂಗುಟ್ಟುತ್ತಿದ್ದರು.

ಕಳೆದ ತಿಂಗಳು ಸಾರ್ ಉಳಿದಿದ್ದ ರಜೆಯನ್ನೆಲ್ಲ ಒಟ್ಟಿಗೆ ತೆಗೆದುಕೊಂಡರು. ಅದೇ ವಾರ ಲ್ಯಾಬನ್ನು ಎಕ್ಸ್‌ರೇ ಕೋಣೆಯ ಪಕ್ಕಕ್ಕೆ ಸಾಗಿಸಲಾಯಿತು. ಅಲ್ಲಿನ ಗೋಡೆಗಳಲ್ಲಿ ಸೀಸದ ತಗಡು ಇರುವುದರಿಂದ ವೈಫೈ ಸುಳಿಯದು, ಕೇಬಲೇ ಗತಿ. ಸೋಮವಾರ ಬೆಳಿಗ್ಗೆ ಮೊದಲ ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತದ ವರದಿ ಮೇಲಕ್ಕೆ ಹೋಗಲೇಬೇಕು. ಭಾನುವಾರ ಶಿಷ್ಯೆ ಕೇಬಲ್ ಚುಚ್ಚಿ, ಹೊಸ ಸಂಪರ್ಕವನ್ನು ಬರೆದು, ಚಾಲೂ ಮಾಡಿದರು. ಬಂತು. ಕೈ ತೊಳೆದು, ಟೀ ಕುಡಿದು ಬರುವಷ್ಟರಲ್ಲಿ ಹೋಯಿತು. ಕಂಪ್ಯೂಟರು ಮತ್ತೆ ಹಳೆಯ ಕೋಣೆಯ ಸಂಪರ್ಕವನ್ನೇ ಹುಡುಕುತ್ತಾ ಕೂತಿತ್ತು.

ಕೇಬಲ್ ಬದಲಿಸಿದರು. ಹೋಯಿತು. ನೆಟ್‌ವರ್ಕ್ ಕಾರ್ಡ್ ಬದಲಿಸಿದರು. ಆಗಲೂ ಹೋಯಿತು. ಆ ಕಡೆ ನೆಲ ಒರೆಸುತ್ತಿದ್ದ ಹೆಂಗಸನ್ನು "ತಂತಿ ಎಳೆದ್ಯಾ?" ಎಂದು ಗದರಿ, "ನಾನಿನ್ನೂ ಆ ಮೂಲೆಗೇ ಬಂದಿಲ್ಲ ಮೇಡಂ" ಎನ್ನಿಸಿಕೊಂಡು ಪೆಚ್ಚಾದರು. ಹನ್ನೊಂದು ವರ್ಷ ಬೆರಳ ತುದಿಯಲ್ಲಿದ್ದ ವಿದ್ಯೆ ಒಂದೇ ಮಧ್ಯಾಹ್ನದಲ್ಲಿ ಕೈಕೊಟ್ಟಿತೇ ಎಂದು ತಲೆ ಗಿರ್ರೆಂದಿತು. ಸಾರ್ ಇಲ್ಲದೆ ತನಗೆ ಏನೂ ಬಾರದೇನೋ ಎಂಬ ಭಯವೂ ಹುಟ್ಟಿತು.

ಆರನೆಯ ಸಲ ಚಾಲೂ ಮಾಡಿ, ಅದು ಹೋಗುವವರೆಗೆ ಗಡಿಯಾರ ನೋಡಿದರು. ಸರಿಯಾಗಿ ಹತ್ತು ನಿಮಿಷ! ಕಂಪ್ಯೂಟರಿನ ಒಳಹೊಕ್ಕು ಹುಡುಕಿದಾಗ ಹನ್ನೊಂದು ವರ್ಷ ಹಳೆಯದಾದ ಒಂದು ಪುಟ್ಟ ಕಡತ ಸಿಕ್ಕಿತು. ಶಿಷ್ಯೆ ಯಾವ ಬದಲಾವಣೆ ಮಾಡಿದರೂ ಸಾರ್ ಮೇಜಿನ ಕಂಪ್ಯೂಟರಿಗೆ ಸುದ್ದಿ ಹೋಗಬೇಕು, ಹತ್ತು ನಿಮಿಷದೊಳಗೆ ಅಲ್ಲಿಂದ 'ಸರಿ' ಎಂದು ಬರದಿದ್ದರೆ ಎಲ್ಲವೂ ಮೊದಲಿನಂತಾಗಬೇಕು ಎಂದು ಅದರಲ್ಲಿ ಬರೆದಿತ್ತು.

ತಕ್ಷಣ ಸಾರ್‌ಗೆ ಫೋನ್ ಮಾಡಿದರು. "ಸಾರ್, ಹನ್ನೊಂದು ವರ್ಷ ನನ್ನ ಮೇಲೆ ಕಾವಲು ಇಟ್ಟಿದ್ರಾ?"

"ಅಯ್ಯೋ, ಅದನ್ನ ತೆಗೀದೇ ಬಂದ್ನಾ!"

"ನಾನು ಎಷ್ಟು ಸಲ ತಪ್ಪು ಮಾಡಿದೆ? ನಿಜ ಹೇಳಿ."

"ಮೊದಲ ವರ್ಷ ಮೂರು ಸಲ. ತಾನಾಗೇ ಸರಿಹೋಯ್ತು ಅಂತ ಬಂದು ಹೇಳಿದ್ಯಲ್ಲ, ಆ ಮೂರು ಸಲ. ಆಮೇಲೆ ಒಂದೂ ಇಲ್ಲಮ್ಮಾ. ನೋಡದೇನೇ 'ಸರಿ' ಒತ್ತುತ್ತಿದ್ದೆ."

"ಮತ್ತೆ ಯಾಕೆ ತೆಗೀಲಿಲ್ಲ?"

"ನೀನು ಎಲ್ಲಿ ಏನು ಮಾಡ್ತಿದೀಯ ಅಂತ ಗೊತ್ತಾಗ್ತಿತ್ತಲ್ಲ. ತೆಗೆಯೋಕೆ ಮನಸ್ಸು ಬರ್ಲಿಲ್ಲ. ಈಗ ನೀನೇ ಅಳಿಸಿಬಿಡು."

ಶಿಷ್ಯೆಗೆ ಸಿಟ್ಟು ಬಂತು, ಅಳುವೂ ಬಂತು. ಯಾವುದು ಮೊದಲು ಬಂತೆಂದು ಅವರಿಗೇ ಹೇಳಲು ಆಗುತ್ತಿಲ್ಲ. ಕಡತವನ್ನು ಅಳಿಸಿದರು. ಸಂಪರ್ಕವನ್ನು ಏಳನೆಯ ಸಲ ಚಾಲೂ ಮಾಡಿ, ತಮಗೇ ಅರಿವಿಲ್ಲದೆ ಕೈಕಟ್ಟಿ ಕೂತರು. ಹತ್ತು ನಿಮಿಷವಾಯಿತು. ಹನ್ನೊಂದಾಯಿತು. ಫೋನ್ ರಿಂಗಾಯಿತು.

"ನಿಂತಿತಾ?"

"ಗಟ್ಟಿಯಾಗಿ ನಿಂತಿದೆ ಸಾರ್."

"ಹಾಗಾದ್ರೆ ನಾನು ಇವತ್ತು ರಿಟೈರ್ ಆದೆ ಅನ್ನು" ಎಂದು ಅವರು ಫೋನ್ ಇಟ್ಟರು.

ಸೋಮವಾರ ವರದಿಗಳು ಹೊತ್ತಿಗೆ ಸರಿಯಾಗಿ ಮೇಲಕ್ಕೆ ಹೋದವು. ಶಿಷ್ಯೆಯ ಗೊಂದಲ ಮಾತ್ರ ಇನ್ನೂ ಇಳಿದಿಲ್ಲ. ಆದರೂ ನಿನ್ನೆ ಅಚ್ಚಿಗೆ ಹೋಗುವ ಮುನ್ನ ಸಮಿತಿಯ ಕೋಣೆಗೆ ಬಂದು, ನಾವು ಬರೆದಿದ್ದ ದೀರ್ಘಾಯುಷ್ಯದ ಹಾರೈಕೆಯನ್ನೆಲ್ಲ ಹೊಡೆದುಹಾಕಿ, ಅದರ ಜಾಗದಲ್ಲಿ ತಮ್ಮ ಕೈಯಾರೆ ಇಷ್ಟನ್ನು ಬರೆದು ಹೋದರು: ನಮ್ಮ ಸಾರ್ ನೂರು ವರ್ಷ ಬಾಳಲಿ, ದಿನಕ್ಕೊಂದು ಸಲ ಫೋನ್ ಮಾಡಿ 'ನಿಂತಿತಾ?' ಅಂತ ಕೇಳುತ್ತಿರಲಿ.