ಚಲನವಲನ ವಹಿಯ ಅಧೀಕ್ಷಕರು

ನಮ್ಮ ಕಚೇರಿಯ ಅಧೀಕ್ಷಕರು ಬಲಗೈ ಹೆಬ್ಬೆರಳಿನ ಉಗುರನ್ನು ಉದ್ದಕ್ಕೆ ಬಿಟ್ಟಿದ್ದರು. ಕಡತದಲ್ಲಿ ತಪ್ಪು ಕಂಡರೆ ಆ ಸಾಲಿನ ಕೆಳಗೆ ಕಾಗದ ಹರಿಯುವಂತೆ ಉಗುರಿನಿಂದ ಗೀರುತ್ತಿದ್ದರು. ಸದರಿಯವರು ತೀರಿಕೊಂಡು ಒಂದು ವರ್ಷವಾಗಿದೆ. ಅವರ ಬಗ್ಗೆ ನನಗೆ ಪ್ರೀತಿಯಿರಲಿಲ್ಲವೆಂದು ಮೊದಲಿಗೇ ನಿವೇದಿಸಿಕೊಳ್ಳುತ್ತೇನೆ.

ಧಾರವಾಡದ ನಮ್ಮ ಕಚೇರಿಯಲ್ಲಿ, ಕೆಲಸದ ಮೇಲೆ ಹೊರಹೋಗುವವರು ವೇಳೆ ನಮೂದಿಸಲು ಚಲನವಲನ ವಹಿ ಇತ್ತು. ನನಗೆ ಐವತ್ತೆಂಟು ನಡೆಯುತ್ತಿದ್ದಾಗ, ಮೂತ್ರಕ್ಕೆ ಹೋಗುವುದನ್ನೂ ಅದರಲ್ಲಿ ಬರೆಯಬೇಕೆಂದು ಅಧೀಕ್ಷಕರಿಂದ ನನಗೊಬ್ಬನಿಗೇ ಆದೇಶವಾಯಿತು. ನಾನು ಗಂಟೆಗೆರಡು ಸಲ ಏಳುತ್ತಿದ್ದುದು ನಿಜ. ಹೋದಲ್ಲಿ ನಿಂತು ಕಾಯಬೇಕಿತ್ತು; ಧಾರೆ ಎಳೆಯಂತೆ ಬಂದು ನಿಲ್ಲುತ್ತಿತ್ತು. ನಾಚಿಕೆಯಿಂದ ಮನೆಯಲ್ಲೂ ಹೇಳದೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆ.

ಪದೇ ಪದೇ ಆಸನ ಬಿಡುವುದೇಕೆಂದು ಕೊನೆಗೆ ಮೆಮೊ ಬಂತು. "ಸಾರ್ವಜನಿಕರ ಅಹವಾಲು ಆಲಿಸಲು ಆಸನ ಬಿಟ್ಟಿರುತ್ತೇನೆ" ಎಂದು ಸಮಜಾಯಿಷಿ ಕೊಟ್ಟೆ. ಅವರು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು.

"ಸಂಡಾಸದಾಗ ಯಾವ ಸಾರ್ವಜನಿಕ್ರು ಕುಂತಿರ್ತಾರ್ರಿ? ನಮಗೂ ಒಮ್ಮೆ ಭೆಟ್ಟಿ ಮಾಡಸ್ರಿ!"

ಇಡೀ ಶಾಖೆ ನಕ್ಕಿತು. ಅವರು ವಹಿಯ ನಕಲನ್ನು ನನ್ನ ಮುಂದೆ ಎಸೆದರು. "ರೋಗ ಖರೇ ಇದ್ರ ದವಾಖಾನಿ ಚೀಟಿ ತರ್ರಿ. ಇಲ್ಲಾಂದ್ರ ಇಲಾಖಾ ವಿಚಾರಣೆ."

ಹೆದರಿ ಹುಬ್ಬಳ್ಳಿಯ ವೈದ್ಯರೊಬ್ಬರ ಬಳಿ ಹೋದೆ. ಬಾಯಿ ಬಿಡಲಾಗದೆ ಆ ನಕಲನ್ನೇ ಮುಂದಿಟ್ಟೆ. ಅವರು ಪುಟ ತಿರುವಿದರು.

"ಇಷ್ಟು ಪಕ್ಕಾ ಬರಕೊಂಡು ಯಾವ ಪೇಷಂಟೂ ಬಂದಿಲ್ರಿ. ಯಾರು ಬರಸಿದ್ರು?"

"ನಮ್ಮ ಸಾಹೇಬ್ರು."

"ಭಾಳ ಛಲೋ ಮನಷ್ಯಾರು ಬಿಡ್ರಿ."

ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮುಗಿದ ಮೇಲೆ ಅವರು ಹೇಳಿದರು: "ಗಂಡಸರಿಗೆ ಮೂತ್ರಚೀಲದ ಬುಡದಾಗ ಪ್ರೊಸ್ಟೇಟ್ ಅಂತ ಗ್ರಂಥಿ ಇರ್ತದ. ವಯಸ್ಸಾದಂಗ ಅದು ಬೆಳದು ಮೂತ್ರನಾಳ ಹಿಚಕತದ. ನಿಮ್ದು ಕ್ಯಾನ್ಸರ್ ಅಲ್ಲ, ಅಂಜಬ್ಯಾಡ್ರಿ. ಆದ್ರ ಚೀಲ ಪೂರಾ ಖಾಲಿ ಆಗವಲ್ದು, ಕಿಡ್ನಿ ಎರಡೂ ಬಾತಾವ. ಇನ್ನೂ ತಡದಿದ್ರ ಅವು ಕೈಕೊಡತಿದ್ವು. ಇಷ್ಟ ದಿನ ಯಾಕ ಮುಚ್ಚಿಟ್ರಿ?"

ಶಸ್ತ್ರಚಿಕಿತ್ಸೆಯಾಯಿತು. ತಿಂಗಳ ನಂತರ ಆಸ್ಪತ್ರೆಯ ಕಾಗದಗಳನ್ನು ಅಧೀಕ್ಷಕರ ಮೇಜಿನ ಮೇಲಿಟ್ಟು, ಒಂದು ಒಳ್ಳೆಯ ಮಾತಿಗಾಗಿ ಕಾದು ನಿಂತೆ. ಅವರು ತಲೆಯೆತ್ತಲಿಲ್ಲ.

"ಆತಲ್ಲ, ಇನ್ನ ನೆವ ಮುಗೀತು. ಕುರ್ಚಿ ಬಿಟ್ಟು ಏಳಬ್ಯಾಡ್ರಿ."

ಅವರ ಶ್ರದ್ಧಾಂಜಲಿ ಸಭೆಯಲ್ಲಿ ಎರಡು ಮಾತಾಡಲು ನನ್ನನ್ನು ಕರೆದರು. ನಾನು ಏಳಲಿಲ್ಲ. ಆ ಎರಡು ಮಾತುಗಳನ್ನು ಇಲ್ಲಿ ದಾಖಲಿಸುತ್ತೇನೆ. ನನ್ನ ಮೂತ್ರಪಿಂಡಗಳು ಉಳಿದದ್ದು ಅವರ ಹಗೆತನದಿಂದ. ಆ ಋಣವನ್ನು ಒಪ್ಪಿಕೊಂಡಿರುತ್ತೇನೆ. ಅವರನ್ನು ಕ್ಷಮಿಸಲು ಮಾತ್ರ ಈವರೆಗೂ ನನ್ನಿಂದ ಸಾಧ್ಯವಾಗಿರುವುದಿಲ್ಲ.