ಹೊಸ್ತಿಲೊಳಗೆ ಬಂದ ಮರಾಠಿ

ಬಾಗಿಲು ತೆರೆದ ನನ್ನ ಗಂಡ ನನ್ನ ಮುಖ ನೋಡಿ, "ಕೋಣ್ ಪಾಹಿಜೆ ತುಮ್ಹಾಲಾ?" ಎಂದರು. ಯಾರು ಬೇಕು ನಿಮಗೆ ಎಂದು ಮರಾಠಿಯಲ್ಲಿ ಕೇಳುವುದು ಹಾಗೆ. ಮೆಂತ್ಯ ಸೊಪ್ಪಿನ ಚೀಲ ಹಿಡಿದು ನಿಂತಿದ್ದ ನಾನು ತಮಾಷೆ ಎಂದುಕೊಂಡು ನಕ್ಕೆ. ಆ ನಗು ನೆನಪಾದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಕ್ಕಿದ್ದಕ್ಕೆ ಕಾರಣವಿತ್ತು. ಎಂಟು ವರ್ಷದ ಹಿಂದೆ ನಾವು ಗದಗಿನಿಂದ ಪುಣೆಯ ಚಾಕಣಕ್ಕೆ ಬಂದೆವು. ಇವರಿಗೆ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ. ನನಗೋ ಮರಾಠಿಯ ಗಂಧವೇ ಇರಲಿಲ್ಲ. ಗದಗಿನಲ್ಲಿ ಕಿರಾಣಿ ಅಂಗಡಿಗೆ ಹೋದರೆ ಬೇಳೆಯ ಜೊತೆ ಊರ ಸುದ್ದಿಯನ್ನೂ ಕಟ್ಟಿಸಿಕೊಂಡು ಬರಬಹುದು. ಇಲ್ಲಿಯ ಅಂಗಡಿಯವನು ಮಧ್ಯಾಹ್ನ ಬಾಗಿಲು ಎಳೆದು ಮಲಗುತ್ತಾನೆ, ತೆರೆದಾಗಲೂ ಮಾತನ್ನು ತೂಗಿಯೇ ಕೊಡುತ್ತಾನೆ. ಮೊದಲ ವರ್ಷವೆಲ್ಲ ಬೆರಳು ತೋರಿಸಿಯೇ ಸಾಮಾನು ತಂದೆ. ಸಿಟ್ಟಿಗೆ ಮನೆಯಲ್ಲೊಂದು ಕಾಯಿದೆ ಮಾಡಿದೆ. ಚಪ್ಪಲಿಯ ಜೊತೆ ಮರಾಠಿಯನ್ನೂ ಹೊರಗೇ ಬಿಟ್ಟು ಬರಬೇಕು, ಹೊಸ್ತಿಲೊಳಗೆ ಕನ್ನಡವೇ. ಇವರು ಅದನ್ನು ಒಂದು ದಿನವೂ ಮುರಿದವರಲ್ಲ.

ಎರಡು ವರ್ಷದ ಹಿಂದೆ ಇವರ ಯಕೃತ್ತು ಗಟ್ಟಿಯಾಗಿದೆ ಎಂದು ಗೊತ್ತಾಯಿತು. ಕುಡಿತವೇ ಎಂದು ಕೇಳದವರಿಲ್ಲ. ಒಂದು ಹನಿಯೂ ಮುಟ್ಟಿದವರಲ್ಲ ಮಾರಾಯರೆ! ಸಕ್ಕರೆ ಕಾಯಿಲೆ ಮತ್ತು ಕೊಬ್ಬು ಸೇರಿ ಮಾಡಿದ ಕೆಲಸ. ತೋಳುಗಳು ಸಣ್ಣಗಾದವು, ಅಂಗಿ ಜೋಲತೊಡಗಿತು. ಯಾರೋ ಯಕೃತ್ತಿಗೆ ಬೇಳೆ ಭಾರ ಎಂದರು, ನಿಲ್ಲಿಸಿದೆ. ಈಚೆಗೆ ಪುಣೆಯ ಹಡಪಸರದಲ್ಲಿರುವ ನನ್ನ ತಮ್ಮ ಮಹಾಂತೇಶ ಒಂದು ಡಬ್ಬಿ ತಂದುಕೊಟ್ಟ. ದಿನಾ ಜಿಮ್‌ಗೆ ಹೋಗುವವನು ಅವನು. ಇದು ಗ್ಲುಟಾಮಿನ್, ನಮ್ಮ ಸ್ನಾಯುಗಳಲ್ಲೇ ಇರುವ ವಸ್ತು, ಭಾವನಿಗೆ ತಾಕತ್ತು ಬರುತ್ತದೆ ಎಂದ. ಡಾಕ್ಟರನ್ನು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ದಿನಕ್ಕೆ ಎರಡು ಹೊತ್ತು ಮಜ್ಜಿಗೆಯಲ್ಲಿ ಕದಡಿ ಕೊಟ್ಟೆ. ಕೊನೆಯ ಗುಟುಕಿನವರೆಗೂ ಎದುರಿಗೇ ನಿಂತು ಕುಡಿಸಿದೆ.

ಎರಡು ವಾರ ಕಳೆಯುವಷ್ಟರಲ್ಲಿ ಇವರು ಹಗಲಿಡೀ ತೂಕಡಿಸತೊಡಗಿದರು. ಒಮ್ಮೆ ಚಹಾಕ್ಕೆ ಉಪ್ಪು ಹಾಕಿಕೊಂಡರು. ಮನೆಯೊಳಗೆ ನನ್ನೊಡನೆ ಮರಾಠಿ ಆಡತೊಡಗಿದರು. ಉಪ್ಪಿಗೆ ನಾನು ಗಾಬರಿಯಾಗಲಿಲ್ಲ, ಮರಾಠಿಗೆ ಮಾತ್ರ ಉರಿದುಬಿದ್ದೆ. ನಿಮ್ಮಣ್ಣ ಪೂರಾ ಪುಣೇಕರ ಆದರು ನೋಡು ಎಂದು ಗದಗಿನ ನಾದಿನಿಗೆ ಫೋನಿನಲ್ಲಿ ದೂರಿದೆ. ಇಬ್ಬರೂ ನಕ್ಕೆವು. ಬಾಗಿಲಲ್ಲಿ ಯಾರು ಬೇಕೆಂದು ಕೇಳಿದ್ದು ಅದರ ಮರುದಿನ.

ನಾನು ನಗುತ್ತಲೇ ಒಳಗೆ ಹೋಗಿ ಸೊಪ್ಪು ಸೋಸಲು ಕೂತೆ. ಅಷ್ಟರಲ್ಲಿ ಪಕ್ಕದ ಮನೆಯ ಸುಲಭಾತಾಯಿ ಬಂದರು. ತಾಯಿ ಎಂದರೆ ಇಲ್ಲಿ ಅಕ್ಕ. ಇವರು ಅವರತ್ತ ತಿರುಗಿ ಅಚ್ಚ ಕನ್ನಡದಲ್ಲಿ ನೀರು ಕೊಡಿರೆಂದರು. ಕನ್ನಡ ಬಾರದ ಅವರೊಡನೆ ಎಂಟು ವರ್ಷದಲ್ಲಿ ಒಂದು ಕನ್ನಡ ಪದವನ್ನೂ ಆಡಿದವರಲ್ಲ. ಸುಲಭಾತಾಯಿ ನನ್ನ ಹಾಗೆ ನಗಲಿಲ್ಲ. ನೀರಿಗೆಂದು ಚಾಚಿದ ಇವರ ಕೈ ನೋಡಿದರು, ಬೆರಳುಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಬರಿಗಾಲಲ್ಲೇ ಕೆಳಗಿಳಿದು ರಿಕ್ಷಾ ತಂದರು. ಈ ಊರಿನವರು ಬಾಗಿಲು ಹಾಕಿಕೊಂಡೇ ಬದುಕುತ್ತಾರೆಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದೆ. ಆಸ್ಪತ್ರೆಯಲ್ಲಿ ಎರಡು ದಿನ ನನ್ನ ಪಕ್ಕ ಕೂತವರು ಅವರೇ.

ಡಾಕ್ಟರು ಸೊಲ್ಲಾಪುರದ ಕಡೆಯ ಹೆಣ್ಣುಮಗಳು, ಕನ್ನಡ ಬರುತ್ತಿತ್ತು. ನಾನು ಡಬ್ಬಿ ತೋರಿಸಿದೆ.

"ಇದು ವಿಷ ಅಲ್ರಿ," ಎಂದರು. "ಆರೋಗ್ಯ ಇದ್ದವರಿಗೆ ಇದು ಕರುಳಿನ ಊಟ. ಆದ್ರ ಕರುಳಿನ್ಯಾಗ ಇದು ಒಡದು ಅಮೋನಿಯಾ ಆಗ್ತದ. ಅದನ್ನ ಸ್ವಚ್ಛ ಮಾಡೋದು ಯಕೃತ್ತಿನ ಕೆಲಸ. ಇವರ ಯಕೃತ್ತಿಗೆ ಆಗವಲ್ದು."

ಉಳಿದ ಅಮೋನಿಯಾ ರಕ್ತದ ಜೊತೆ ಮಿದುಳಿಗೆ ಹೋಗುತ್ತದಂತೆ. ಮಿದುಳು ಅದನ್ನು ಹಿಡಿದು ತನ್ನೊಳಗೇ ಮತ್ತೆ ಗ್ಲುಟಾಮಿನ್ ಮಾಡಿಕೊಳ್ಳುತ್ತದೆ. ತನ್ನನ್ನು ಕಾಪಾಡಿಕೊಳ್ಳಲೆಂದೇ ಮಾಡುವ ಕೆಲಸ ಅದು. ಆದರೆ ಅದು ಹೆಚ್ಚಾದರೆ ನೀರನ್ನು ಎಳೆದುಕೊಂಡು ಮಿದುಳಿನ ಕೋಶಗಳು ಊದಿಕೊಳ್ಳುತ್ತವೆ, ಬುದ್ಧಿ ಮಂಕಾಗುತ್ತದೆ. ಮಲಬದ್ಧತೆಯೂ ಇತ್ತು, ಪುಡಿಯೊಂದರಿಂದಲೇ ಆಯಿತೆಂದು ಹೇಳಲಾಗದು ಎಂದು ಸಮಾಧಾನ ಮಾಡಿದರು. ಬೇಳೆ ನಿಲ್ಲಿಸಿದ್ದಕ್ಕೆ ಬೈದರು. ಅಮೋನಿಯಾ ಹಿಡಿಯಲು ಸ್ನಾಯುಗಳೂ ದುಡಿಯುತ್ತವೆ, ಬೇಳೆ ಇಲ್ಲದೆ ಅವು ಕರಗಬಾರದಂತೆ. ಎಲ್ಲದಕ್ಕೂ ತಲೆಯಾಡಿಸಿದೆ. ಒಳಗೆ ಮಾತ್ರ, ನನ್ನ ಕೈಯಾರೆ ಕುಡಿಸಿದೆನಲ್ಲಾ ಎಂಬುದೊಂದೇ ತಿರುಗುತ್ತಿತ್ತು.

ಮೂರನೆಯ ದಿನ ಇವರು ಕಣ್ಣು ಬಿಟ್ಟು, "ನನ್ನ ಚಪ್ಪಲಿ ಎಲ್ಲಿ ಅದಾವು?" ಎಂದರು. ಕನ್ನಡದಲ್ಲಿ. ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಅತ್ತೆ.

ಈಗ ನಾದಿನಿ ದಿನಾ ಫೋನು ಮಾಡುತ್ತಾಳೆ. ಪರ ಊರಿನಲ್ಲಿ ಒಬ್ಬರೇ ಯಾಕೆ ಒದ್ದಾಡುತ್ತೀರಿ, ಇಲ್ಲಿಗೆ ಬನ್ನಿ ಎನ್ನುತ್ತಾಳೆ. ಇವರಿಗೂ ಅದೇ ಹಂಬಲ. ನನಗಂತೂ ಗದಗಿನ ಹೆಸರು ಕೇಳಿದರೆ ಆ ಕಿರಾಣಿ ಅಂಗಡಿ ಕಣ್ಣೆದುರು ಬರುತ್ತದೆ. ಕಳೆದ ವಾರ ತಪಾಸಣೆಗೆ ಹೋದಾಗ ಡಾಕ್ಟರನ್ನು ಕೇಳಿದೆ. ಎಲ್ಲಿದ್ದರೂ ಔಷಧಿ ಒಂದೇ, ಆದರೆ ಇದು ಮತ್ತೆ ಬರಬಹುದು, ಮನೆಯವರು ಬೇಗ ಗುರುತಿಸಬೇಕು ಎಂದರು. ಆಮೇಲೆ, "ಹೋದ ಸಲ ನಿಮಗ ಮೊದಲ ಏನ್ ಕಂಡ್ತು?" ಎಂದು ಕೇಳಿದರು.

ಮರಾಠಿ ಎಂದೆ.

ಹೇಳಿದ ಮೇಲೆ ಹೊಳೆಯಿತು, ಇಲ್ಲಾದರೆ ಹೊಸ್ತಿಲೊಳಗೆ ಬರುವ ಮರಾಠಿಯೇ ನನ್ನನ್ನು ಎಚ್ಚರಿಸುತ್ತದೆ. ಗದಗಿನಲ್ಲಿ ಹೊಸ್ತಿಲ ಒಳಗೂ ಕನ್ನಡ, ಹೊರಗೂ ಕನ್ನಡ. ಅಲ್ಲಿ ಇವರು ಮಂಕಾಗಿ ಕೂತು ಕನ್ನಡದಲ್ಲೇ ಏನೋ ತೊದಲಿದರೆ, ದಣಿದಿದ್ದಾರೆ ಎಂದು ಹೊದಿಕೆ ಹೊದಿಸಿಬಿಡುತ್ತೇನೆ. ಉಪ್ಪಿನ ಚಹಾವನ್ನು ಕಡೆಗಣಿಸಿದವಳಲ್ಲವೇ ನಾನು? ಈಗ ದಿನಾ ಬೆಳಿಗ್ಗೆ ಇವರನ್ನು ಕನ್ನಡದಲ್ಲಿ ಏನಾದರೂ ಕೇಳುತ್ತೇನೆ, ಉತ್ತರ ಯಾವ ಭಾಷೆಯಲ್ಲಿ ಬರುತ್ತದೋ ಎಂದು ಕಾಯುತ್ತೇನೆ.

ನಿನ್ನೆ ಬಾಡಿಗೆ ಮನೆಯ ಕರಾರು ಇನ್ನೊಂದು ವರ್ಷಕ್ಕೆ ಮಾಡಿಸಿದೆ. ಇವರು ಕಾಗದ ನೋಡಿ ಮುಖ ಸಣ್ಣದು ಮಾಡಿಕೊಂಡರು.

"ನಿನಗ ಈ ಊರು ಭಾಳ ಹಿಡಿಸೇದ," ಎಂದರು.

"ಹೌದ್ರಿ," ಎಂದೆ. ನಿಜವಾದ ಕಾರಣವನ್ನು ಆ ಕಾಗದದ ಜೊತೆಗೇ ಮಡಚಿಟ್ಟೆ.