ಅಕ್ಕನ ಬಲಗಣ್ಣಿನ ವಿಷಯ

ಮೊನ್ನೆ ಕೊಯಮತ್ತೂರಿಗೆ ಹೋಗುವ ಬಸ್ಸಿನಲ್ಲಿ ಎದುರು ಸಾಲಿನ ಹೆಂಗಸೊಬ್ಬಳು ಮುಂದಿನ ಸೀಟಿನ ಕಂಬಿಗೆ ಹಣೆ ಆನಿಸಿ ಮಲಗಿಬಿಟ್ಟಳು. ಬೆನ್ನು ಬಾಗಿ, ಮುಖ ನೆಲಕ್ಕೆ. ದಣಿದವರು ಬಸ್ಸಿನಲ್ಲಿ ಹೀಗೆ ಮಲಗುವುದು ಹೊಸದೇನಲ್ಲ. ನಾನೂ ಮಲಗುತ್ತೇನೆ, ಜೊಲ್ಲು ಸುರಿಸಿಕೊಂಡು. ಆದರೆ ಆ ಬಾಗಿದ ಕುತ್ತಿಗೆಯನ್ನು ನೋಡುತ್ತ ಕೂರಲು ನನ್ನಿಂದ ಆಗಲಿಲ್ಲ; ಎದ್ದು ಹಿಂದಿನ ಸೀಟಿಗೆ ಹೋದೆ. ಯಾಕೆಂದು ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳಿದರೆ ಬೇಸರಿಸಬೇಡಿ. ನೇರವಾಗಿ ಹೇಳುವ ಧೈರ್ಯ ನನಗಿದ್ದಿದ್ದರೆ ಇದನ್ನು ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ನಮ್ಮದು ಸಿರುಮುಗೈ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮಗ್ಗವನ್ನು ಮನೆಯಲ್ಲೂ ‘ತರಿ’ ಎಂದೇ ಕರೆಯುವಷ್ಟು ಎರಡೂ ಬೆರೆತುಹೋಗಿವೆ. ಅಕ್ಕ ರೇಷ್ಮೆ ಸೀರೆ ನೇಯುತ್ತಿದ್ದಳು; ನಾನು ಅವನ್ನು ಚೀಲದಲ್ಲಿ ಹೊತ್ತು ಕೊಯಮತ್ತೂರು, ತಿರುಪ್ಪೂರಿನ ಅಂಗಡಿಗಳಿಗೆ ಕೊಟ್ಟು ಬರುತ್ತಿದ್ದೆ. ಅಂಗಡಿಯವರು ಸೀರೆ ಬಿಚ್ಚಿ ಹೊಗಳಿದಾಗ, ನಾನೇ ನೇಯ್ದವನಂತೆ ತಲೆ ತಗ್ಗಿಸಿ ನಗುವ ಅಭ್ಯಾಸವೂ ನನಗಿತ್ತು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮಕ್ಕಳಾಗಲಿಲ್ಲ. ಭಾವ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದಳು. ಚಿಕ್ಕಂದಿನಿಂದಲೂ ಅವಳಿಗೆ ದಪ್ಪ ಗಾಜಿನ ಕನ್ನಡಕ. ಬೀದಿಯ ಹುಡುಗರೆಲ್ಲ ಅವಳನ್ನು ‘ಸೋಡಾಬುಡ್ಡಿ’ ಎಂದು ಕೂಗುತ್ತಿದ್ದರು. ಆ ಹೆಸರನ್ನು ಮೊದಲು ಇಟ್ಟವನು ಯಾರೆಂದು ಬೀದಿಯವರು ಮರೆತಿದ್ದಾರೆ. ನಾನು ಮರೆತಿಲ್ಲ.

ಆ ಸಲ ಒಂದು ಮದುವೆ ಸೀರೆ ಮಗ್ಗದ ಮೇಲಿತ್ತು. ದಾಳಿಂಬೆ ಬಣ್ಣ, ಅಂಗೈಯಗಲದ ಜರಿ ಅಂಚು. ವಾರದೊಳಗೆ ಕೊಡುತ್ತೇನೆಂದು ಅಂಗಡಿಯಲ್ಲಿ ಮಾತು ಕೊಟ್ಟು ಬಂದಿದ್ದೆ. ಒಂದು ಬೆಳಿಗ್ಗೆ ಅಕ್ಕ ನೇಯುವುದನ್ನು ನಿಲ್ಲಿಸಿ, ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತಿದ್ದಳು.

“ತಮ್ಮಾ, ಬಲಗಣ್ಣಲ್ಲಿ ಏನೋ ಮಿಂಚ್ತಾ ಇದೆ ಕಣೋ. ಕರಿ ಕರಿ ನೂಲು ತರ ಹಾರಾಡ್ತಾನೂ ಇದೆ.”

“ಜರಿ ನೋಡೀ ನೋಡೀ ಕಣ್ಣೊಳಗೂ ಜರಿ ಬಂದ್ಬಿಟ್ಟಿದೆ, ಬಿಡಕ್ಕಾ” ಎಂದೆ. ನನ್ನ ಮಾತಿಗೆ ನಾನೇ ನಕ್ಕೆ. ಸಂಜೆ ಔಷಧಿ ಅಂಗಡಿಯಲ್ಲಿ ಯಾವುದೋ ಕಣ್ಣಿನ ಹನಿ ಕೊಂಡು ತಂದುಕೊಟ್ಟೆ. ಕರ್ತವ್ಯ ಮುಗಿಯಿತು.

ಮೂರನೆಯ ದಿನ, “ಕೆಳಗಿಂದ ಕರೀ ಪರದೆ ಮೇಲಕ್ಕೇರಿದ ಹಾಗಿದೆ. ಆಸ್ಪತ್ರೆಗೆ ಹೋಗ್ಬರೋಣ್ವಾ?” ಎಂದಳು.

“ಇನ್ನು ಎರಡು ಮೊಳ ತಾನೇ ಅಕ್ಕಾ? ಮುಗಿಸಿಬಿಡು, ಹೋಗೋಣ.”

“ಸರಿ” ಎಂದಳು. ಅಷ್ಟೇ. ಅವಳು ಜಗಳವಾಡಿದ್ದರೆ ನಾನು ಕರೆದುಕೊಂಡು ಹೋಗುತ್ತಿದ್ದೆನೋ ಏನೋ. ಈ ‘ಏನೋ’ ಕೂಡ ಅವಳ ಮೇಲೇ ತಪ್ಪು ಹೊರಿಸುವ ಉಪಾಯ ಎಂಬುದು ಬರೆಯುವಾಗ ತಿಳಿಯುತ್ತಿದೆ. ಅಂಚಿನ ಲೆಕ್ಕ ತಪ್ಪದಂತೆ ತಲೆ ವಾರೆ ಮಾಡಿ, ಒಂದೇ ಕಣ್ಣಲ್ಲಿ, ಆ ಸೀರೆ ಮುಗಿಸಿದಳು. ಆರನೆಯ ದಿನ ಅದನ್ನು ಅಂಗಡಿಗೆ ಕೊಟ್ಟೆ. ಹೊಗಳಿದರು. ತಲೆ ತಗ್ಗಿಸಿ ನಕ್ಕೆ.

ಮರುದಿನ ಕೊಯಮತ್ತೂರಿನ ಕಣ್ಣಾಸ್ಪತ್ರೆಗೆ ಹೋದೆವು. ಪಾಪೆ ಹಿಗ್ಗಿಸುವ ಹನಿ ಹಾಕಿ, ಡಾಕ್ಟರಮ್ಮ ಹಣೆಗೆ ದೀಪ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ನನ್ನತ್ತ ತಿರುಗಿ ತಮಿಳಿನಲ್ಲಿ ಕೇಳಿದರು: ಯಾವಾಗಿನಿಂದ ಹೀಗಿದೆ?

“ನಿನ್ನೆಯಿಂದ” ಎಂದೆ.

ಹೇಗೆ ಬಂತು ಆ ಮಾತು? ಯೋಚಿಸಿ ಹೇಳಿದ್ದಲ್ಲ, ಸೀರೆ ತಡವಾದಾಗ ಅಂಗಡಿಯವರಿಗೆ ಹೇಳುವ ಸುಳ್ಳಿನಂತೆ ತಾನಾಗಿಯೇ ಜಾರಿತು. ಡಾಕ್ಟರಮ್ಮ ಹುಬ್ಬೇರಿಸಿದರು. ನೋಡಿದರೆ ಹಾಗನ್ನಿಸುವುದಿಲ್ಲವಲ್ಲ ಎಂದು ಅಕ್ಕನನ್ನೇ ಕೇಳಿದರು. ಅಕ್ಕ ಒದ್ದೆ ಕಣ್ಣು ಮುಚ್ಚಿಕೊಂಡೇ, “ಹೌದಮ್ಮಾ, ನಿನ್ನೆಯಿಂದಲೇ” ಎಂದಳು.

ಡಾಕ್ಟರಮ್ಮ ಬಿಳಿ ಹಾಳೆಯ ಮೇಲೆ ಒಂದು ಸುತ್ತು ಬರೆದು, ಅದನ್ನು ಗಡಿಯಾರವೆಂದುಕೊಳ್ಳಿ ಎಂದರು. ಕಣ್ಣಿನ ಹಿಂಗೋಡೆಗೆ ಅಂಟಿಕೊಂಡಿರುವ ತೆಳು ಪದರ ರೆಟಿನಾ. ಹೆಚ್ಚು ದಪ್ಪ ಗಾಜು ಹಾಕುವವರಿಗೆ ಅದು ಹರಿಯುವ ಅಪಾಯ ಜಾಸ್ತಿ. ಅಕ್ಕನದು ಹತ್ತು ಗಂಟೆಯಿಂದ ಎರಡು ಗಂಟೆಯವರೆಗೆ ಒಂದೇ ಸಮನೆ ಹರಿದು, ಮೇಲಿನ ಅಂಚು ಮಡಚಿಕೊಂಡು ಒಳಕ್ಕೆ ಬಿದ್ದಿತ್ತು. ನೋಟದ ನಡುಭಾಗವೂ ಕಿತ್ತುಬಂದಿತ್ತು. ಕಣ್ಣೊಳಗಿನ ಲೋಳೆಯನ್ನು ತೆಗೆದು, ನೀರಿಗಿಂತ ಭಾರವಾದ ದ್ರವ ತುಂಬಿಸಿ ಆ ಮಡಿಕೆಯನ್ನು ಬಿಡಿಸಬೇಕು. ಹರಿದ ಅಂಚಿನುದ್ದಕ್ಕೂ ಲೇಸರ್ ಕೊಟ್ಟು ಕೂರಿಸಬೇಕು. ಕೊನೆಗೆ ದ್ರವ ತೆಗೆದು ಸಿಲಿಕೋನ್ ಎಣ್ಣೆ ತುಂಬಬೇಕು.

“ಮಡಿಕೆ ಬಿಡಿಸೋವಾಗ ಎಳೀಬೇಡಿ ಅಮ್ಮಾ, ಎಳೆದ್ರೆ ಇನ್ನೂ ಹರೀತದೆ” ಎಂದಳು ಅಕ್ಕ. ಡಾಕ್ಟರಮ್ಮ ನಕ್ಕು ಅವಳ ಕೈ ಹಿಡಿದುಕೊಂಡರು. ಆ ಕೋಣೆಯಲ್ಲಿ ಅವಳ ಕೈ ಹಿಡಿದವರು ಅವರೊಬ್ಬರೇ.

ಮಾರನೆಯ ದಿನವೇ ಆಪರೇಷನ್ ಆಯಿತು. ಪದರ ಚೆನ್ನಾಗಿ ಕೂತಿದೆ ಎಂದರು. ಎಣ್ಣೆ ತೇಲಿ ಪದರವನ್ನು ಹಿಂಗೋಡೆಗೆ ಒತ್ತಿ ಹಿಡಿಯಲೆಂದು, ಮುಂದೆ ಹತ್ತು ದಿನ ಅಕ್ಕ ಮುಖ ಕೆಳಗೆ ಹಾಕಿಕೊಂಡೇ ಇರಬೇಕಿತ್ತು. ಊಟಕ್ಕೂ, ಮಾತಿಗೂ, ನಿದ್ದೆಗೂ. ಒಂದು ಸ್ಟೂಲಿನ ಮೇಲೆ ದಿಂಬಿಟ್ಟು, ಅದಕ್ಕೆ ಹಣೆಯಾನಿಸಿ ಕೂರುತ್ತಿದ್ದಳು. ನನ್ನ ಹೆಂಡತಿ ನೆಲದ ಮೇಲೆ ಕೂತು ಕೆಳಗಿನಿಂದ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ನಾನು ಹತ್ತಿರ ಹೋದರೆ ಅಕ್ಕನ ಎಡಗಣ್ಣಿಗೆ ಕಾಣುತ್ತಿದ್ದದ್ದು ನನ್ನ ಪಾದಗಳು ಮಾತ್ರ. “ಬಂದ್ಯಾ ತಮ್ಮಾ” ಎಂದು ಪಾದಗಳನ್ನು ಮಾತಾಡಿಸುತ್ತಿದ್ದಳು. ನಾನು ಪಾದ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ.

ಕೆಲವು ತಿಂಗಳ ಮೇಲೆ ಎಣ್ಣೆ ತೆಗೆದರು. ಪದರ ಮತ್ತೆ ಏಳಲಿಲ್ಲ. ಬಲಗಣ್ಣಿಗೆ ಬೆಳಕು, ಆಕಾರ, ಎದುರು ಬಂದವರ ನೆರಳು ತಿಳಿಯುತ್ತದೆ, ನೂಲು ತಿಳಿಯುವುದಿಲ್ಲ. ಎಡಗಣ್ಣಿಗೂ ಮುಂಜಾಗ್ರತೆಯ ಲೇಸರ್ ಕೊಟ್ಟಿದ್ದಾರೆ. ಅಕ್ಕ ಮಗ್ಗ ಬಿಟ್ಟಳು. ಬೇರೆಯವರಿಗೆ ನೂಲು ಸುತ್ತಿಕೊಡುತ್ತಾಳೆ. ನಡುಭಾಗ ಕಿತ್ತು ಬರುವ ಮುಂಚೆಯೇ ತೋರಿಸಿದ್ದರೆ ನೋಟ ಇನ್ನೂ ಉಳಿಯುತ್ತಿತ್ತೇನೋ ಎಂದು ಡಾಕ್ಟರಮ್ಮ ಒಮ್ಮೆ ಅಂದರು. ಬೈಯಲಿಲ್ಲ. ಅವರ ಮಟ್ಟಿಗೆ ನಾವು ಮರುದಿನವೇ ಓಡಿಬಂದವರಲ್ಲವೇ?

ಅಂದು ಅಕ್ಕ ನನ್ನ ಸುಳ್ಳಿಗೆ ಹೂಂಗುಟ್ಟಿದ್ದು ತಮ್ಮನ ಮೇಲಿನ ಪ್ರೀತಿಯಿಂದ ಎಂದು ಇಷ್ಟು ವರ್ಷ ನಂಬಿಕೊಂಡು ಬಂದೆ. ನಾಚಿಕೆಯ ನಡುವೆಯೂ ಆ ನಂಬಿಕೆಯಲ್ಲಿ ಒಂದು ಸುಖವಿತ್ತು, ಸುಳ್ಳೇಕೆ ಹೇಳಲಿ?

ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದೆ. ನಮ್ಮ ಮನೆಯಲ್ಲಿ ಕನ್ನಡ ಅಕ್ಷರ ಓದಬಲ್ಲವನು ನಾನೊಬ್ಬನೇ. ಇದನ್ನು ಇಲ್ಲಿ ಯಾರೂ ಓದಲಾರರು. ತಪ್ಪೊಪ್ಪಿಕೊಳ್ಳಲು ನಾನು ಆರಿಸಿಕೊಂಡ ಜಾಗ ನೋಡಿ! ಹಾಗನ್ನಿಸಿದ ಮೇಲೆ ಕೂರಲಾಗದೆ, ಇಂದು ಮಧ್ಯಾಹ್ನ ನೂಲು ಸುತ್ತುತ್ತಿದ್ದ ಅಕ್ಕನ ಎದುರು ಕೂತು ಮೊದಲಿಂದ ಓದಿದೆ. ಸೋಡಾಬುಡ್ಡಿಯನ್ನೂ ಬಿಡಲಿಲ್ಲ. ಅವಳ ಕೈ ನಿಲ್ಲಲಿಲ್ಲ. ಮುಗಿದ ಮೇಲೆ ಕೇಳಿದಳು:

“ಪ್ರೀತಿಗೆ ಅಂತ ಬರ್ದಿದೀಯಾ?”

“ಹೂಂ.”

“ಭಯಕ್ಕೆ ಕಣೋ. ನಿಜ ಹೇಳಿದ್ರೆ ನಿಂಗೆ ಕೋಪ ಬರ್ತದೆ. ಕೋಪ ಬಂದು ಅಲ್ಲೇ ಬಿಟ್ಟು ಹೋದ್ರೆ, ಒಂದು ಕಣ್ಣಿಟ್ಕೊಂಡು ಯಾರ ಮನೆಗೆ ಹೋಗೋದು ನಾನು?”

ಅಕ್ಕ ನೂಲಿನ ತುದಿಯನ್ನು ಬೆರಳಲ್ಲೇ ತಡವಿ ಹುಡುಕಿ ಗಂಟು ಹಾಕಿದಳು. ಆಮೇಲೆ, ಸಿಟ್ಟಿಲ್ಲದೆ, “ಅದನ್ನೂ ಬರಿ” ಎಂದಳು.

ಬರೆದಿದ್ದೇನೆ.